ಅಳಿಸಿಹೋದ ಒಂದು ಸಾಲು: ಚಡಪಡಿಸುವ ಮಕ್ಕಳ ರಾತ್ರಿಯ ಚರಿತ್ರೆ

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯನ್ನು ಹೊರತಂದಿತು. ಯಾವ ಲಕ್ಷಣಗಳಿದ್ದರೆ ಯಾವ ಕಾಯಿಲೆಯ ಹೆಸರು ಹೇಳಬೇಕು ಎಂದು ಪಟ್ಟಿ ಮಾಡಿಕೊಡುವ ಪುಸ್ತಕ ಅದು. ಈಗ ಎಡಿಎಚ್‌ಡಿ ಎನ್ನುವ ಸ್ಥಿತಿಗೆ ಆಗ ಅದರಲ್ಲಿದ್ದ ಹೆಸರು ಗಮನ ಕೊರತೆಯ ತೊಂದರೆ ಎಂದಷ್ಟೇ. ಅತಿಚಟುವಟಿಕೆ ಇರುವುದು, ಇಲ್ಲದ್ದು ಎಂದು ಅದರಲ್ಲಿ ಎರಡು ಬಗೆ. ಅತಿಚಟುವಟಿಕೆಯನ್ನು ಗುರುತಿಸಲು 5 ಲಕ್ಷಣ ಕೊಟ್ಟಿದ್ದರು. ಮಗು ವಿಪರೀತ ಓಡುತ್ತದೆ, ಹತ್ತುತ್ತದೆ. ಕೂತಲ್ಲಿ ಚಡಪಡಿಸುತ್ತದೆ. ಕೂತ ಜಾಗ ಬಿಟ್ಟು ಏಳುತ್ತದೆ. ಯಾವಾಗಲೂ ಮೋಟರು ಹಾಕಿದ ಹಾಗೆ ಇರುತ್ತದೆ. ಈ ನಾಲ್ಕರ ಜೊತೆಗೆ ಇನ್ನೊಂದು ಸಾಲು: ನಿದ್ದೆಯಲ್ಲಿ ವಿಪರೀತ ಹೊರಳಾಡುತ್ತದೆ.

ಏಳು ವರ್ಷದ ಮೇಲೆ, 1987ರಲ್ಲಿ, ಪರಿಷ್ಕರಿಸಿದ ಆವೃತ್ತಿ ಬಂತು. ಹೆಸರು ಈಗಿರುವ ರೂಪಕ್ಕೆ ಹತ್ತಿರವಾಯಿತು, ಲಕ್ಷಣಗಳು 14 ಆದವು. ನಿದ್ದೆಯ ಸಾಲು ಮಾತ್ರ ಇರಲಿಲ್ಲ. 1994ರ ಆವೃತ್ತಿಯಲ್ಲೂ 2013ರ ಆವೃತ್ತಿಯಲ್ಲೂ ಲಕ್ಷಣಗಳ ಪಟ್ಟಿಗೆ ಅದು ಮರಳಲಿಲ್ಲ.

ಇಂಥ ಮಗುವಿರುವ ಮನೆಯವರಿಗೆ ಇದು ವಿಚಿತ್ರವಾಗಿ ಕೇಳಬಹುದು. ಅವರಲ್ಲಿ ಎಷ್ಟೋ ಜನರ ಪಾಲಿಗೆ ದಿನದ ಕಷ್ಟದ ಹೊತ್ತೆಂದರೆ ರಾತ್ರಿ ಒಂಬತ್ತರಿಂದ ಹನ್ನೊಂದು. ದೀಪ ಆರಿಸಿದ ಮೇಲೆ ನೀರು ಬೇಕು. ನೀರು ಕುಡಿದ ಮೇಲೆ ಬಾತ್‌ರೂಮಿಗೆ ಹೋಗಬೇಕು. ಹೊದ್ದರೆ ಸೆಕೆ, ಹೊದೆಯದಿದ್ದರೆ ಸೊಳ್ಳೆ. ಡೈನೋಸಾರ್‌ಗಳಿಗೆ ಕಣ್ಣುರೆಪ್ಪೆ ಇತ್ತಾ ಎಂಬ ಪ್ರಶ್ನೆ ಹತ್ತೂಕಾಲಿಗೆ ಹುಟ್ಟುತ್ತದೆ. ಹತ್ತೂವರೆಗೆ ಅಪ್ಪನ ದನಿ ಏರುತ್ತದೆ, ಹನ್ನೊಂದಕ್ಕೆ ಒಂದು ಏಟು ಬೀಳುತ್ತದೆ, ಅಳುತ್ತ ಅಳುತ್ತಲೇ ಮಗುವಿಗೆ ಜೊಂಪು ಹತ್ತುತ್ತದೆ. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಏಳಿಸುವಾಗ ಎಲ್ಲರಿಗೂ ನಿದ್ದೆಗಣ್ಣು, ದೊಡ್ಡವರಿಗೆ ಅದರ ಮೇಲೊಂದಿಷ್ಟು ಪಶ್ಚಾತ್ತಾಪ.

ಮನೆಗೆ ಗೊತ್ತಿದ್ದ ಈ ಸಂಗತಿ ಪುಸ್ತಕದೊಳಕ್ಕೆ ಬಂದು ಮತ್ತೆ ಹೊರಟುಹೋದದ್ದು ಒಂದೇ ಸಲವಲ್ಲ. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದು ಹಲವು ಸಲ ಕಂಡಿದೆ, ಹಲವು ಸಲ ಮರೆತುಹೋಗಿದೆ. "ಈ ಮಗುವನ್ನು ಸುಮ್ಮನಾಗಿಸುವುದು ಹೇಗೆ" ಎಂದು ಕೇಳಿದಾಗ ದೊರೆತ ಉತ್ತರಗಳು ಒಂದು ಬಗೆ. "ಈ ಮಗುವಿಗೆ ಯಾಕೆ ನಿದ್ದೆ ಬರುತ್ತಿಲ್ಲ" ಎಂದು ಕೇಳಿದಾಗ ದೊರೆತವು ಬೇರೆಯೇ ಬಗೆ.

ಸುಮ್ಮನಾಗಿಸುವ ಮದ್ದು

ಮೊದಲನೆಯ ಪ್ರಶ್ನೆಗೆ 19ನೇ ಶತಮಾನ ಕೊಟ್ಟ ಉತ್ತರ ಅಫೀಮು. ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಅಫೀಮು ಬೆರೆಸಿದ ದ್ರವವನ್ನು ಕೂಸುಗಳಿಗೆ ಚಮಚದಲ್ಲಿ ಕುಡಿಸುತ್ತಿದ್ದರು. ಅಮೆರಿಕದಲ್ಲಿ 1849ರಿಂದ ಮಾರಾಟಕ್ಕಿದ್ದ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್‌ನಲ್ಲಿ ಮಾರ್ಫಿನ್ ಇತ್ತು. ಬಾಟಲಿಯ ಚೀಟಿಯ ಮೇಲೆ ಅದರ ಹೆಸರು ಬರೆಯಲೇಬೇಕೆಂಬ ಕಾಯ್ದೆ ಬಂದದ್ದು 1906ರಲ್ಲಿ.

ಮುಂಬಯಿಯ ಕತೆಯೂ ಬೇರೆಯಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಗಿರಣಿಗೆ ಹೋಗುವ ತಾಯಂದಿರು ಕೂಸುಗಳಿಗೆ ಅಫೀಮಿನ ಪುಟ್ಟ ಗುಳಿಗೆ ಕೊಟ್ಟು ಹೋಗುತ್ತಿದ್ದರೆಂದು ಆ ಕಾಲದ ವರದಿಗಳು ಹೇಳುತ್ತವೆ. ಮರಾಠಿಯಲ್ಲಿ ಅದಕ್ಕೆ ಬಾಳಾಗೋಳಿ ಎಂಬ ಮುದ್ದಾದ ಹೆಸರು. ತಾಯಿ ಪಾಳಿ ಮುಗಿಸಿ ಬರುವವರೆಗೆ ಕೂಸು ಅಳಬಾರದು, ಹಸಿವೆಂದು ಏಳಬಾರದು. ಆ ತಾಯಂದಿರನ್ನು ದೂರುವುದು ಸುಲಭ. ಕೂಸನ್ನು ನೋಡಿಕೊಳ್ಳುವ ಇನ್ನೊಂದು ಕೈಯಾಗಲಿ ಗಿರಣಿಯಲ್ಲಿ ತೊಟ್ಟಿಲಿಡುವ ಕೋಣೆಯಾಗಲಿ ಬಹಳ ಜನರಿಗೆ ಇರಲಿಲ್ಲ. ಮಗುವನ್ನು ಮಲಗಿಸುವ ಮಾತಿನಲ್ಲಿ ಮಲಗಿಸುವವರ ದಣಿವೂ ಸೇರಿರುತ್ತದೆ. ಇದು ಆಗಲೂ ನಿಜ, ಈಗಲೂ ನಿಜ.

ಅಫೀಮು ಸಿಗದ ಕಡೆ ಹೆದರಿಕೆ ಇತ್ತು. ಕನ್ನಡದ ಮನೆಗಳ ಗುಮ್ಮನಿಗೆ ಎಷ್ಟು ವಯಸ್ಸೋ ಹೇಳುವವರಿಲ್ಲ. ಪುರಂದರದಾಸರ ಪ್ರಸಿದ್ಧ ಪದವೊಂದರಲ್ಲಿ ಬಾಲಕೃಷ್ಣನೇ ಅವನಿಗೆ ಹೆದರಿ ತಾಯಿಯನ್ನು ಗೋಗರೆಯುತ್ತಾನೆ.

ಮೂಗು, ನೈತಿಕತೆ, ಮಿದುಳು

ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಕಿವಿ-ಮೂಗಿನ ವೈದ್ಯರಿದ್ದರು. 1880ರ ದಶಕದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಗುಯೆ ಎಂಬ ವೈದ್ಯರು, ಮೂಗು ಕಟ್ಟಿಕೊಂಡ ಮಕ್ಕಳು ಪಾಠದ ಮೇಲೆ ಗಮನ ನಿಲ್ಲಿಸಲಾರರೆಂದು ಬರೆದರು. ಆ ಸ್ಥಿತಿಗೆ ಗ್ರೀಕಿನಿಂದ ಅಪ್ರೊಸೆಕ್ಸಿಯಾ ಎಂಬ ಪದ ಕಟ್ಟಿದರು: 'ಅ' ಎಂದರೆ ಇಲ್ಲ, ಉಳಿದದ್ದು ಗಮನ. 1889ರಲ್ಲಿ ವಿಲಿಯಂ ಹಿಲ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥದೇ ಮಾತು ಹೇಳಿದರು. ದಡ್ಡರು, ಹಿಂದುಳಿದವರು ಎನಿಸಿಕೊಂಡ ಮಕ್ಕಳಲ್ಲಿ ಕೆಲವರು ಬಾಯಲ್ಲಿ ಉಸಿರಾಡುವವರು, ರಾತ್ರಿ ಗೊರಕೆ ಹೊಡೆಯುವವರು; ಅವರ ಗಂಟಲನ್ನು ಪರೀಕ್ಷಿಸಬೇಕು ಎಂದು.

13 ವರ್ಷದ ಮೇಲೆ ಅದೇ ಲಂಡನ್ನಿನಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಉಪನ್ಯಾಸ ಕೊಟ್ಟರು. ಎಡಿಎಚ್‌ಡಿಯ ಚರಿತ್ರೆ ಬರೆಯುವವರು ಬಹಳ ಸಲ 1902ರ ಆ ಉಪನ್ಯಾಸಗಳಿಂದಲೇ ಶುರುಮಾಡುತ್ತಾರೆ. ಬುದ್ಧಿಗೆ ಕೊರತೆಯಿಲ್ಲದ, ಆದರೆ ತನ್ನನ್ನು ತಾನು ತಡೆದುಕೊಳ್ಳಲಾರದ ಮಕ್ಕಳನ್ನು ಸ್ಟಿಲ್ ಬಣ್ಣಿಸಿದರು. ಇದು ಬೆಳೆಸಿದ ರೀತಿಯ ತಪ್ಪಲ್ಲ, ದೇಹದಲ್ಲೇ ಕಾರಣವಿರಬಹುದು ಎಂಬ ದೊಡ್ಡ ಮಾತನ್ನೂ ಹೇಳಿದರು. ಆದರೆ ಅವರು ಆರಿಸಿಕೊಂಡ ಹೆಸರು "ನೈತಿಕ ನಿಯಂತ್ರಣದ ಕೊರತೆ". ಆ ಕಾಲದಲ್ಲಿ ಈ ಪದಕ್ಕೆ ಈಗಿಗಿಂತ ಅಗಲವಾದ ಅರ್ಥವಿತ್ತು. ಕೇಳಿದವರ ಕಿವಿಯಲ್ಲಿ ಉಳಿದದ್ದು ನೈತಿಕ ಎಂಬ ಪದವೇ.

ಈ ಎರಡು ನೋಟಗಳ ವ್ಯತ್ಯಾಸವನ್ನು ಕನ್ನಡ ತನ್ನ ವ್ಯಾಕರಣದಲ್ಲೇ ಇಟ್ಟುಕೊಂಡಿದೆ. "ಮಲಗು" ಎಂದು ಆಜ್ಞೆ ಮಾಡಬಹುದು. ಮಲಗುವವನು ಕರ್ತೃ, ಕೆಲಸ ಅವನ ಕೈಯಲ್ಲಿದೆ. ನಿದ್ದೆಯ ವಿಷಯದಲ್ಲಿ ಹಾಗಿಲ್ಲ. ಹಸಿವು, ನೆಗಡಿ, ನೆನಪುಗಳಂತೆ ಅದು ಮಗು*ವಿಗೆ* ಬರಬೇಕು. ಹತ್ತೂವರೆಯ ಜಗಳದಲ್ಲಿ ಈ ಎರಡೂ ಕಲಸಿಹೋಗುತ್ತವೆ. ದೊಡ್ಡವರು ಮಲಗು ಎನ್ನುತ್ತಾರೆ, ಮಗು ಮಲಗಿಯೂ ಇರುತ್ತದೆ. ಬಾರದೆ ಇರುವುದು ನಿದ್ದೆ, ಬೈಗುಳ ಬೀಳುವುದು ಮಗುವಿಗೆ.

ನಿದ್ದೆಗೂ ಚಡಪಡಿಕೆಗೂ ಇರುವ ನಂಟು ಎಲ್ಲರ ಕಣ್ಣಿಗೂ ಬೀಳುವಂತಾದದ್ದು ಒಂದು ಸಾಂಕ್ರಾಮಿಕದಿಂದ. 1917ರಲ್ಲಿ ವಿಯೆನ್ನಾದ ನರವೈದ್ಯ ಕಾನ್‌ಸ್ಟಾಂಟಿನ್ ಫಾನ್ ಇಕೊನೊಮೊ ಒಂದು ಹೊಸ ಮಿದುಳುರಿತವನ್ನು ಬಣ್ಣಿಸಿದರು. ರೋಗಿಗಳು ಊಟದ ತಟ್ಟೆಯ ಮುಂದೆಯೇ ನಿದ್ದೆಹೋಗುತ್ತಿದ್ದರು. ಮುಂದಿನ ಹತ್ತು ವರ್ಷ ಈ ಕಾಯಿಲೆ ಜಗತ್ತಿನ ಹಲವು ಭಾಗಗಳಲ್ಲಿ ಸುತ್ತಿತು. ಬದುಕುಳಿದ ಮಕ್ಕಳಲ್ಲಿ ಅನೇಕರು ಮನೆಗೆ ಮರಳಿದಾಗ ಬೇರೆಯೇ ಮಕ್ಕಳಾಗಿದ್ದರು. ಕೂತಲ್ಲಿ ಕೂರುತ್ತಿರಲಿಲ್ಲ, ತಡೆಯಿಲ್ಲದೆ ಏನೋ ಮಾಡಿಬಿಡುತ್ತಿದ್ದರು. ಹಗಲು ತೂಕಡಿಕೆ, ರಾತ್ರಿಯಿಡೀ ಮಾತು, ಹಾಡು, ಹಾಸಿಗೆಯ ಮೇಲೆ ಕುಣಿತ.

ಸತ್ತವರ ಮಿದುಳನ್ನು ಪರೀಕ್ಷಿಸಿದ ಇಕೊನೊಮೊಗೆ ಒಂದು ಕ್ರಮ ಕಂಡಿತು. ನಿದ್ದೆಯಲ್ಲೇ ಮುಳುಗಿದವರಿಗೆ ಹೈಪೊಥಲಾಮಸ್ ಎಂಬ ಭಾಗದ ಹಿಂಬದಿಯಲ್ಲಿ ಗಾಯ. ನಿದ್ದೆಯೇ ಬಾರದವರಿಗೆ ಅದರ ಮುಂಬದಿಯಲ್ಲಿ. ಹಾಗಾದರೆ ನಿದ್ದೆಯನ್ನು ತರುವ, ಎಚ್ಚರವನ್ನು ಹಿಡಿದಿಡುವ ಬೇರೆ ಬೇರೆ ಜಾಗಗಳು ಮಿದುಳಿನಲ್ಲಿವೆ ಎಂದು ಅವರು ಊಹಿಸಿದರು. ಮುಂಬದಿಯ ನಿದ್ದೆಯ ನರಕೋಶಗಳ ಗುಂಪನ್ನು ಪ್ರಯೋಗಾಲಯದಲ್ಲಿ ಗುರುತಿಸಿದ್ದು 1996ರಲ್ಲಿ. ರಾತ್ರಿ ಕುಣಿಯುವ ಮಗು ಕೆಟ್ಟ ಮಗುವಾಗಿರಬೇಕಿಲ್ಲ ಎಂಬುದಕ್ಕೆ ಪುರಾವೆ ಇಕೊನೊಮೊ ಕಾಲದಲ್ಲೇ ಸಿಕ್ಕಿತ್ತು.

ಹಗಲಿನ ಕಾಯಿಲೆ

1932ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಫ್ರಾಂಟ್ಸ್ ಕ್ರಾಮರ್ ಮತ್ತು ಹಾನ್ಸ್ ಪೊಲ್ನೋವ್, ಮಿದುಳುರಿತ ಬಂದೇ ಇರದ ಮಕ್ಕಳಲ್ಲೂ ಇಂಥ ಚಡಪಡಿಕೆ ಇದೆಯೆಂದು ತೋರಿಸಿದರು. ಇಂದಿನ ಎಡಿಎಚ್‌ಡಿಯ ಚಿತ್ರಕ್ಕೆ ಅವರ ಬಣ್ಣನೆ ತೀರ ಹತ್ತಿರ. ಈ ಮಕ್ಕಳನ್ನು ಸಾಂಕ್ರಾಮಿಕದಿಂದ ಉಳಿದವರಿಂದ ಬೇರ್ಪಡಿಸಲು ಅವರಿಗೊಂದು ಗುರುತು ಬೇಕಿತ್ತು. ಅವರು ಹಿಡಿದ ಗುರುತುಗಳಲ್ಲಿ ರಾತ್ರಿಯೂ ಒಂದು: ಅವರು ನೋಡಿದ ಮಕ್ಕಳ ಚಡಪಡಿಕೆ ಹಗಲಿನದು, ರಾತ್ರಿಯ ಗಲಭೆ ಇವರಲ್ಲಿಲ್ಲ. ಬೇರ್ಪಡಿಸುವ ಕೆಲಸಕ್ಕೆ ಅದು ಸರಿಯಾಗಿಯೇ ಇತ್ತು. ಆದರೆ ಅಲ್ಲಿಂದ ಈ ಸ್ಥಿತಿ ಹಗಲಿನ ಕಾಯಿಲೆಯಾಯಿತು. ಆ ಇಬ್ಬರಿಗೂ ತಮ್ಮ ಮಾತನ್ನು ಮರುಪರೀಕ್ಷಿಸುವ ಅವಕಾಶ ಸಿಗಲಿಲ್ಲ. ಕ್ರಾಮರ್ ನೆದರ್ಲೆಂಡ್ಸಿಗೆ ಓಡಿಹೋಗಬೇಕಾಯಿತು. ಯಹೂದಿಯಾಗಿದ್ದ ಪೊಲ್ನೋವ್ 1943ರಲ್ಲಿ ಮೌಟ್‌ಹೌಸೆನ್ ಶಿಬಿರದಲ್ಲಿ ನಾಜಿಗಳ ಕೈಯಲ್ಲಿ ಸತ್ತರು.

ಅಷ್ಟರಲ್ಲಿ ಅಟ್ಲಾಂಟಿಕ್‌ನ ಆಚೆ ದಡದಲ್ಲಿ, ಅಮೆರಿಕದ ರೋಡ್ ಐಲ್ಯಾಂಡಿನಲ್ಲಿ, ಮಕ್ಕಳಿಗೆಂದೇ ಒಂದು ಆಸ್ಪತ್ರೆ ಎದ್ದಿತ್ತು. ಎಮ್ಮಾ ಪೆಂಡಲ್ಟನ್ ಬ್ರಾಡ್ಲಿ ಎಂಬ ಹುಡುಗಿಗೆ ಏಳನೆಯ ವಯಸ್ಸಿನಲ್ಲಿ ಮಿದುಳುರಿತ ಬಂದು, ಬದುಕಿಡೀ ಪರಾವಲಂಬಿಯಾದಳು. ಸಿರಿವಂತ ತಂದೆತಾಯಿ ತಮ್ಮ ಆಸ್ತಿಯನ್ನು ಇಂಥ ಮಕ್ಕಳಿಗಾಗಿ ಬಿಟ್ಟುಹೋದರು. 1931ರಲ್ಲಿ ತೆರೆದ ಆ ಆಸ್ಪತ್ರೆಯಲ್ಲಿ ಅದೇ ಮನೆತನದ ಚಾರ್ಲ್ಸ್ ಬ್ರಾಡ್ಲಿ ವೈದ್ಯರಾಗಿದ್ದರು. ಬೆನ್ನುಹುರಿಯ ದ್ರವ ತೆಗೆದು ಮಾಡುವ ಎಕ್ಸ್-ರೇ ಪರೀಕ್ಷೆಯಿಂದ ಮಕ್ಕಳಿಗೆ ಭಯಂಕರ ತಲೆನೋವು ಬರುತ್ತಿತ್ತು. ದ್ರವ ಬೇಗ ತುಂಬಲೆಂದು ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದರು. ತಲೆನೋವು ಹೋಗಲಿಲ್ಲ. ಕೆಲವು ಮಕ್ಕಳು ಮಾತ್ರ ತರಗತಿಯಲ್ಲಿ ಕೂತು ಲೆಕ್ಕ ಮಾಡತೊಡಗಿದರು.

1937ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ 30 ಮಕ್ಕಳ ವಿವರವಿದೆ. ಅವರಲ್ಲಿ 14 ಮಂದಿ ಪಾಠದಲ್ಲಿ ಬೆರಗಾಗುವಷ್ಟು ಸುಧಾರಿಸಿದರು. ಮಕ್ಕಳೇ ಅದಕ್ಕೆ ಲೆಕ್ಕದ ಗುಳಿಗೆ ಎಂದು ಹೆಸರಿಟ್ಟರು. ಔಷಧಿಯನ್ನು ಬೆಳಿಗ್ಗೆ ಎದ್ದ ಕೂಡಲೇ ಕೊಡುತ್ತಿದ್ದರು, ಅಳತೆ ನಡೆಯುತ್ತಿದ್ದದ್ದು ಶಾಲೆಯ ಹೊತ್ತಿನಲ್ಲಿ. 1944ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಲೆಯಾಂಡ್ರೊ ಪಾನಿಟ್ಸೊನ್ ಮೀಥೈಲ್‌ಫೆನಿಡೇಟ್ ತಯಾರಿಸಿದರು. ಹೆಂಡತಿ ರೀಟಾಳ ಹೆಸರಿನಿಂದ ಬಂದ ರಿಟಲಿನ್ 1954ರಿಂದ ಮಾರುಕಟ್ಟೆಗೆ ಬಂತು. ಈ ಔಷಧಿಗಳು ಲಕ್ಷಾಂತರ ಮಕ್ಕಳ ಹಗಲನ್ನು ಹಸನು ಮಾಡಿವೆ, ಅದನ್ನು ಕಡೆಗಣಿಸಲಾಗದು. ಆದರೆ ಶಾಲೆಯ ಗಂಟೆಗೆ ಹೊಂದಿಸಿ ರೂಪಿಸಿದ ಚಿಕಿತ್ಸೆಗೆ ರಾತ್ರಿಯ ಲೆಕ್ಕ ತಡವಾಗಿ ಬಂತು. 9 ಅಧ್ಯಯನಗಳ 246 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯೊಂದು, ಉತ್ತೇಜಕ ತೆಗೆದುಕೊಳ್ಳುವ ಮಕ್ಕಳಿಗೆ ನಿದ್ದೆ ಹತ್ತುವುದು ತಡ, ಒಟ್ಟು ನಿದ್ದೆಯೂ ಕಡಿಮೆ ಎಂದು ತೋರಿಸಿತು. ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದಲ್ಲಿ ಹೀಗಾಗುವುದಿಲ್ಲ. ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಎಷ್ಟು ದಿನದಿಂದ ಎಂಬುದರ ಮೇಲೆ ನಿಂತಿರುತ್ತದೆ.

ಹೀಗೆ ಹಗಲು ಗಟ್ಟಿಯಾದ ಹೊತ್ತಿನಲ್ಲಿ 1980ರ ಕೈಪಿಡಿ ಆ ಒಂದು ಸಾಲನ್ನು ಸೇರಿಸಿತ್ತು. ಅದು ನಿಲ್ಲುವುದು ಕಷ್ಟವಿತ್ತು. ನಿದ್ದೆಯಲ್ಲಿ ಹೊರಳುವ ಮಕ್ಕಳು ಎಲ್ಲ ಮನೆಗಳಲ್ಲೂ ಇದ್ದಾರೆ. ಶಿಕ್ಷಕರು ಅದನ್ನು ಕಾಣಲಾರರು. ಮೈಗೆ ತಂತಿಗಳನ್ನು ಅಂಟಿಸಿ ಮಲಗಿಸುವ ನಿದ್ರಾ ಪ್ರಯೋಗಾಲಯಗಳಲ್ಲಿ ಈ ಮಕ್ಕಳಿಗೂ ಉಳಿದವರಿಗೂ ಒಂದೇ ತೆರನಾದ ವ್ಯತ್ಯಾಸ ಕಾಣಲಿಲ್ಲ. ತಾಯಂದಿರು ಹೇಳುವುದೊಂದು, ಯಂತ್ರ ಹೇಳುವುದೊಂದು ಎಂಬಂತಾಯಿತು.

ಯಾಕೆ ಎಂಬ ಪ್ರಶ್ನೆ ಮರಳಿದ್ದು

ಈ ಒಗಟು ಸ್ವಲ್ಪ ಬಿಡಿಸಿಕೊಂಡದ್ದು ಮಕ್ಕಳನ್ನು ಅವರವರ ಮನೆಯಲ್ಲೇ, ಒಂದಕ್ಕಿಂತ ಹೆಚ್ಚು ರಾತ್ರಿ ನೋಡಿದಾಗ. 2000ದಲ್ಲಿ ಇಸ್ರೇಲಿನ ರೂತ್ ಗ್ರೂಬರ್, ಅವಿ ಸಾದೆ ಮತ್ತು ಅಮಿರಾಮ್ ರವಿವ್, ಎಡಿಎಚ್‌ಡಿ ಇರುವ 38 ಹುಡುಗರ ಮತ್ತು ಇಲ್ಲದ 64 ಹುಡುಗರ ಕೈಗೆ ಗಡಿಯಾರದಂಥ ಚಲನಮಾಪಕ ಕಟ್ಟಿ 5 ರಾತ್ರಿ ಗಮನಿಸಿದರು. ಎದ್ದು ಕಂಡದ್ದು ಏರುಪೇರು. ಈ ಹುಡುಗರ ನಿದ್ದೆ ಒಂದು ದಿನ ಒಂಬತ್ತೂವರೆಗೆ ಹತ್ತಿದರೆ ಇನ್ನೊಂದು ದಿನ ಹನ್ನೊಂದು ದಾಟಬಹುದು. ಒಂದೇ ರಾತ್ರಿ ಅಳೆಯುವ ಪ್ರಯೋಗಾಲಯಕ್ಕೆ ಇದು ಕಾಣುವಂತಿರಲಿಲ್ಲ. "ನಿನ್ನೆ ಬೇಗ ಮಲಗಿದ್ದೆಯಲ್ಲ, ಇವತ್ತೇನು ಬಂತು ನಿನಗೆ?" ಎನ್ನುವ ತಾಯಿಗೆ ಅದು ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ತುಣುಕು ನೆದರ್ಲೆಂಡ್ಸಿನಿಂದ ಬಂತು. ಸಂಜೆ ಬೆಳಕು ಕುಂದಿದ ಮೇಲೆ ದೇಹದಲ್ಲಿ ಮೆಲಟೊನಿನ್ ಏರುತ್ತದೆ. ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ 1958ರಲ್ಲಿ ಬೇರ್ಪಡಿಸಿದ ಹಾರ್ಮೋನು ಅದು, ದೇಹಕ್ಕೆ ಕತ್ತಲಾಯಿತೆಂದು ಸಾರುವ ಡಂಗುರ. ಎಡಿಎಚ್‌ಡಿಯ ಜೊತೆಗೆ ನಿದ್ದೆ ಹತ್ತುವುದೇ ಕಷ್ಟವಾದ ಮಕ್ಕಳಲ್ಲಿ ಈ ಡಂಗುರ ಸುಮಾರು ಮುಕ್ಕಾಲು ಗಂಟೆ ತಡವಾಗಿ ಶುರುವಾಗುತ್ತದೆಂದು 2005ರ ಅಧ್ಯಯನ ತೋರಿಸಿತು. ಗೋಡೆಯ ಗಡಿಯಾರದಲ್ಲಿ ಒಂಬತ್ತು, ಮಗುವಿನ ಮೈಯಲ್ಲಿ ಇನ್ನೂ ಎಂಟೂಕಾಲು. ಅದೇ ತಂಡ 2007ರಲ್ಲಿ 105 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಮೆಲಟೊನಿನ್ ಗುಳಿಗೆಯಿಂದ ನಿದ್ದೆ ಸುಮಾರು 27 ನಿಮಿಷ ಮುಂಚೆ ಹತ್ತಿತು. ಹಗಲಿನ ನಡವಳಿಕೆ ಮಾತ್ರ ಆ 4 ವಾರದಲ್ಲಿ ಬದಲಾಗಲಿಲ್ಲ.

ಮರೆತುಹೋಗಿದ್ದ ಮೂಗೂ ಮರಳಿತು. 2006ರಲ್ಲಿ ಮಿಶಿಗನ್ನಿನ ರೊನಾಲ್ಡ್ ಚೆರ್ವಿನ್ ತಂಡ, ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಸಿಕೊಂಡ 78 ಮಕ್ಕಳನ್ನು ಒಂದು ವರ್ಷ ಗಮನಿಸಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಅವರಲ್ಲಿ 22 ಮಕ್ಕಳಿಗೆ ಎಡಿಎಚ್‌ಡಿ ಇತ್ತು. ವರ್ಷದ ಮೇಲೆ ನೋಡಿದರೆ 11 ಮಕ್ಕಳಿಗೆ ಆ ಹೆಸರು ಅನ್ವಯಿಸುತ್ತಿರಲಿಲ್ಲ. ಎಲ್ಲ ಚಡಪಡಿಕೆಯೂ ಗಂಟಲಿನಿಂದಲ್ಲ. ಆದರೂ ಗೊರಕೆ ಹೊಡೆಯುವ ಮಗುವಿನ ವಿಷಯದಲ್ಲಿ ಹಿಲ್ 1889ರಲ್ಲಿ ಕೊಟ್ಟ ಸಲಹೆ ಮತ್ತೆ ಬರಲು 117 ವರ್ಷ ಹಿಡಿಯಿತು. ಕಬ್ಬಿಣದ ಕೊರತೆಯೂ ಇಂಥದೇ ಇನ್ನೊಂದು ಕಾರಣ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕೆಲವರಿಗೆ ರಾತ್ರಿ ಕಾಲು ಜುಮುಗುಡುತ್ತದೆ, ಅಲ್ಲಾಡಿಸದೆ ಇರಲಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ರಕ್ತಹೀನರಿದ್ದ ದೇಶದಲ್ಲಿ, "ಕಾಲು ನೋವು" ಎನ್ನುವ ಮಗುವನ್ನು ನೆಪ ಹೇಳುತ್ತಿದೆ ಎಂದು ತಳ್ಳಿಹಾಕುವಂತಿಲ್ಲ.

ಮಲಗುವ ಹೊತ್ತನ್ನು ಕಟ್ಟುವುದು

ಇದೇ ಹೊತ್ತಿನಲ್ಲಿ ಮನಶ್ಶಾಸ್ತ್ರಜ್ಞರು ಔಷಧಿಯಿಲ್ಲದ ಉಪಾಯಗಳನ್ನು ಹುಡುಕುತ್ತಿದ್ದರು. 1991ರಲ್ಲಿ ಕ್ಯಾಥ್ಲೀನ್ ಪಿಯಾಜಾ ಮತ್ತು ವೇನ್ ಫಿಶರ್ ತಲೆಕೆಳಗಾಗಿ ಕಾಣುವ ಒಂದು ವಿಧಾನ ಬರೆದರು. ಮಗುವನ್ನು ಬೇಗ ಮಲಗಿಸಲು ಹೆಣಗುವ ಬದಲು, ಅದಕ್ಕೆ ನಿಜವಾಗಿ ನಿದ್ದೆ ಬರುವ ಹೊತ್ತಿಗೇ ಹಾಸಿಗೆಗೆ ಕಳಿಸಿ. ಹಾಸಿಗೆ ಎಂದರೆ ಜಗಳ ಎಂಬ ನಂಟು ಕಡಿದು, ಹಾಸಿಗೆ ಎಂದರೆ ನಿದ್ದೆ ಎಂಬ ನಂಟು ಬೆಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೊತ್ತನ್ನು ಹಿಂದಕ್ಕೆ ತನ್ನಿ. 1999ರಲ್ಲಿ ಪ್ಯಾಟ್ರಿಕ್ ಫ್ರೀಮನ್ ಮತ್ತು ಜೊತೆಗಾರರು 3 ಮತ್ತು 10 ವರ್ಷದ ಇಬ್ಬರು ಹುಡುಗರ ಕೈಗೆ ರಾತ್ರಿ ಒಂದೊಂದು ಕಾರ್ಡು ಕೊಟ್ಟರು. ಅದನ್ನು ತೋರಿಸಿ ಒಂದು ಸಲ ಕೋಣೆಯಿಂದ ಹೊರಗೆ ಬರಬಹುದು: ನೀರಿಗೋ, ಅಪ್ಪುಗೆಗೋ. ಕಾರ್ಡು ಕೊಟ್ಟಾದ ಮೇಲೆ ಅಂದಿಗೆ ಮುಗಿಯಿತು. ಕರೆಯುವುದೂ ಹೊರಗೆ ಬರುವುದೂ ನಿಂತವು. ಆ ಹುಡುಗರಿಗೆ ಎಡಿಎಚ್‌ಡಿ ಇರಲಿಲ್ಲ. ಆದರೆ ಇಂಥ ಉಪಾಯಗಳು ಮುಂದೆ ಎಲ್ಲ ಬಗೆಯ ಮಕ್ಕಳ ಚಿಕಿತ್ಸೆಯಲ್ಲೂ ಸೇರಿಕೊಂಡವು.

ಎಡಿಎಚ್‌ಡಿ ಇರುವ ಮಕ್ಕಳಲ್ಲೇ ಇದನ್ನೆಲ್ಲ ಒರೆಗೆ ಹಚ್ಚಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಹ್ಯಾರಿಯೆಟ್ ಹಿಸ್ಕಾಕ್ ಮತ್ತು ಎಮ್ಮಾ ಸೈಬೆರಾಸ್ ತಂಡ. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 5ರಿಂದ 12 ವರ್ಷದ 244 ಮಕ್ಕಳಿದ್ದರು. ಚಿಕಿತ್ಸೆ ಎಂದರೆ ತಂದೆತಾಯಿಯೊಂದಿಗೆ ಎರಡು ಭೇಟಿ, ಆಮೇಲೆ ಒಂದು ಫೋನ್ ಕರೆ. ನಿದ್ದೆಯ ತೊಂದರೆ ಯಾವ ಬಗೆಯದೆಂದು ನೋಡಿ ಅದಕ್ಕೆ ತಕ್ಕ ಉಪಾಯ, ದಿನವೂ ಒಂದೇ ಹೊತ್ತು, ಒಂದೇ ಅನುಕ್ರಮ. ಚಿಕಿತ್ಸೆ ಸಿಕ್ಕ ಮಕ್ಕಳ ನಿದ್ದೆ ಸುಧಾರಿಸಿತು. ಹಗಲಿನ ಲಕ್ಷಣಗಳೂ ಸ್ವಲ್ಪ ತಗ್ಗಿದವು, ಮತ್ತು ಮಕ್ಕಳ ನಡವಳಿಕೆ ಸುಧಾರಿಸಿದೆಯೆಂದು ಶಿಕ್ಷಕರೂ ಹೇಳಿದರು. ರಾತ್ರಿಯನ್ನು ಕಾಣದ ಶಿಕ್ಷಕರಿಗೂ ರಾತ್ರಿಯ ಬದಲಾವಣೆ ಹಗಲಿನಲ್ಲಿ ಕಂಡಿತ್ತು.

ಈ ಪ್ರಯೋಗಗಳ ಮಗುವಿಗೆ ಸಾಮಾನ್ಯವಾಗಿ ತನ್ನದೇ ಕೋಣೆ ಇರುತ್ತದೆ. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಎಂಟೂವರೆಯ ಲೋಕಲ್ ಹಿಡಿದು ಬರುವ ಅಪ್ಪ ಉಣ್ಣುವುದೇ ಹತ್ತಕ್ಕೆ. ಅದೇ ಹಾಲಿನಲ್ಲಿ ಅಜ್ಜಿಯ ಧಾರಾವಾಹಿ, ಅದೇ ಕೋಣೆಯಲ್ಲಿ ಎಲ್ಲರ ಹಾಸಿಗೆ. ಅಲ್ಲಿ ಹೊರಗೆ ಬರುವ ಕಾರ್ಡಿಗೆ ಅರ್ಥವಿಲ್ಲ. "ಇನ್ನೊಂದು ಸಲ ಅಮ್ಮನನ್ನು ಕರೆಯುವ" ಕಾರ್ಡಿಗೆ ಅರ್ಥವಿದೆ. ಬೇರೆ ಕೋಣೆ ಇಲ್ಲದಿದ್ದರೂ ಒಂದು ಮೂಲೆಯ ದೀಪ ಆರಿಸಬಹುದು, ಟಿವಿಯ ದನಿ ತಗ್ಗಿಸಬಹುದು, ಮೊಬೈಲು ಒಂದು ಗಂಟೆ ಮುಂಚೆ ಕಪಾಟು ಸೇರಬಹುದು. ಅಪ್ಪ ಮನೆಗೆ ಬಂದ ಮೇಲಿನ ಕುಣಿತಕ್ಕೆ ಹತ್ತು ನಿಮಿಷ ಬಿಟ್ಟುಕೊಟ್ಟು, ಆಮೇಲೆ ಹಲ್ಲುಜ್ಜುವುದು, ಹಾಸಿಗೆ ಹಾಸುವುದು, ಕತೆ ಎಂಬ ಸಾಲನ್ನು ದಿನವೂ ತಪ್ಪದೆ ನಡೆಸಬಹುದು. ಈ ಮಕ್ಕಳಿಗೆ ಮಾತಿನಲ್ಲಿ ಹೇಳಿದ ನಿಯಮ ಬೇಗ ಮರೆಯುತ್ತದೆ, ಗೋಡೆಗೆ ಅಂಟಿಸಿದ ಚಿತ್ರದ ಸಾಲು ನೆನಪಾಗುತ್ತದೆ. ಏಳುವ ಹೊತ್ತು ಭಾನುವಾರವೂ ತೀರ ಬದಲಾಗದಿದ್ದರೆ ಮಲಗುವ ಹೊತ್ತು ನಿಧಾನಕ್ಕೆ ಸರಿಹೋಗುತ್ತದೆ. ಗೊರಕೆ, ಕಾಲುನೋವು, ಗುಳಿಗೆಯ ಹೊತ್ತು ಇವು ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು. ಮೆಲಟೊನಿನ್ ಕೊಡುವುದು, ಇರುವ ಗುಳಿಗೆ ನಿಲ್ಲಿಸುವುದು ಅವರನ್ನು ಕೇಳದೆ ಮಾಡುವ ಕೆಲಸಗಳಲ್ಲ.

ವೈದ್ಯರು ಕೇಳದಿದ್ದರೂ ಹೇಳಬಹುದಾದ ಒಂದು ಸಂಗತಿ ತಂದೆತಾಯಿಯ ಬಳಿ ಇರುತ್ತದೆ. ಎರಡು ವಾರ, ದೀಪ ಆರಿಸಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ನಡುವೆ ಏನಾಯಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದಿಟ್ಟರೆ ಸಾಕು. ಕೈಪಿಡಿಯಿಂದ ಬಿಟ್ಟುಹೋದ ಸಾಲನ್ನು ಬರೆಯಬಲ್ಲವರು ಆ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿ ಎಚ್ಚರವಿರುವವರೇ.